ಬೈಯುವ ಬಾಸ್, ಕೇಳುವ ಬಾಸ್, ಉತ್ತರವೇ ಕೊಡದ ಬಾಸ್

ರಾತ್ರಿ ಒಂಬತ್ತೂವರೆಗೆ ಬಾಸ್‌ಗೆ ಒಂದು ವಾಟ್ಸಾಪ್ ಹೋಗುತ್ತದೆ. "ಸರ್, ನಾಡಿದ್ದು ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್. ಗುರುವಾರ, ಶುಕ್ರವಾರ ರಜೆ ಬೇಕಿತ್ತು."

ಒಬ್ಬ ಬಾಸ್ ಅರ್ಧ ನಿಮಿಷದಲ್ಲಿ ಉತ್ತರಿಸುತ್ತಾರೆ. "ಆಗಲ್ಲ. ಶುಕ್ರವಾರ ಡೆಲಿವರಿ ಇದೆ ಅಂತ ಗೊತ್ತಿಲ್ವಾ?"

ಇನ್ನೊಬ್ಬರು ಹತ್ತು ನಿಮಿಷ ಬಿಟ್ಟು ಬರೆಯುತ್ತಾರೆ. "ಯಾವ ಆಸ್ಪತ್ರೆ? ಹೋಗ್ಬನ್ನಿ. ಆದ್ರೆ ಶುಕ್ರವಾರದ ಡೆಲಿವರಿ ತಪ್ಪೋ ಹಾಗಿಲ್ಲ. ನಿಮ್ಮ ಭಾಗ ಯಾರು ನೋಡ್ಕೊಳ್ತಾರೆ ಅಂತ ನಾಳೆ ಬೆಳಿಗ್ಗೆ ಕೂತು ಮಾತಾಡೋಣ."

ಮೂರನೆಯವರು ಮೆಸೇಜ್ ಓದುತ್ತಾರೆ. ಎರಡು ಟಿಕ್ ನೀಲಿಯಾಗುತ್ತವೆ. ಅಷ್ಟೇ. ರಾತ್ರಿ ಉತ್ತರ ಇಲ್ಲ, ಬೆಳಿಗ್ಗೆಯೂ ಇಲ್ಲ. ಆಫೀಸಿನಲ್ಲಿ ಎದುರಿಗೆ ಸಿಕ್ಕರೆ ನಗುತ್ತಾರೆ. ಮತ್ತೆ ಕೇಳೋದಕ್ಕೆ ಮುಜುಗರ, ಕೇಳದೆ ಹೋಗೋದಕ್ಕೆ ಭಯ.

ಈ ಮೂವರಲ್ಲಿ ಯಾರ ಕೈಕೆಳಗೆ ಕೆಲಸ ಮಾಡೋದು ಕಷ್ಟ? ಸಾಮಾನ್ಯವಾಗಿ ಎಲ್ಲರೂ ಮೊದಲನೆಯವರನ್ನೇ ತೋರಿಸುತ್ತಾರೆ. ಬೈಯುವ ಬಾಸ್ ಬಗ್ಗೆ ಟೀ ಅಂಗಡಿ ಮುಂದೆ ನಿಂತು ದೂರೋದು ಸುಲಭ, ಕೇಳುವವರಿಗೂ ಮಜಾ. ನನಗೆ ಮಾತ್ರ ಆ ನೀಲಿ ಟಿಕ್ ಬಾಸ್ ಮೇಲೆ ಅನುಮಾನ ಜಾಸ್ತಿ. ಮುಂದಾಳುಗಳ ರೀತಿಗೂ ಕೆಲಸಗಾರರ ಸಮಾಧಾನಕ್ಕೂ ಇರುವ ನಂಟಿನ ಬಗ್ಗೆ ಎಂಬತ್ತು ವರ್ಷಗಳಿಂದ ನಡೆದಿರುವ ಅಧ್ಯಯನಗಳನ್ನು ನೋಡಿದರೆ ಈ ಅನುಮಾನಕ್ಕೆ ಒಳ್ಳೆಯ ಆಧಾರವೇ ಸಿಗುತ್ತದೆ.

ಮೊದಲು ಕೆಲಸದ ತೃಪ್ತಿ ಅಂದರೆ ಏನು ಅನ್ನೋದನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ಅದು ಬರೀ ಖುಷಿ ಅಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಎಡ್ವಿನ್ ಲಾಕ್ 1976ರಲ್ಲಿ ಕೊಟ್ಟ ವಿವರಣೆಯನ್ನು ಈಗಲೂ ಎಲ್ಲರೂ ಬಳಸುತ್ತಾರೆ. ನಾವು ನಮ್ಮ ಕೆಲಸವನ್ನು ತೂಗಿ ನೋಡಿದಾಗ ಮನಸ್ಸಿಗೆ ಆಗುವ ಹಿತವೇ ತೃಪ್ತಿ. ತೂಗಿ ನೋಡೋದು ಅನ್ನೋದೇ ಇಲ್ಲಿ ಮುಖ್ಯ. ತಕ್ಕಡಿಯ ಒಂದು ಕಡೆ ನಾವು ಬಯಸಿದ್ದು, ಇನ್ನೊಂದು ಕಡೆ ಸಿಕ್ಕಿದ್ದು. ಹಾಗಾಗಿಯೇ ಒಂದೇ ಸಂಬಳ, ಒಂದೇ ಮೇಜು, ಒಂದೇ ಕ್ಯಾಂಟೀನ್ ಊಟ ಇದ್ದರೂ ಒಬ್ಬ ಹಾಯಾಗಿರುತ್ತಾನೆ, ಪಕ್ಕದವನು ಮೊಬೈಲಿನಲ್ಲಿ ಬೇರೆ ಕೆಲಸ ಹುಡುಕುತ್ತಿರುತ್ತಾನೆ.

1969ರಿಂದ ಬಳಕೆಯಲ್ಲಿರುವ ಒಂದು ಹೆಸರುವಾಸಿ ಪ್ರಶ್ನಾವಳಿ ಈ ತೃಪ್ತಿಯನ್ನು ಐದು ಭಾಗ ಮಾಡಿ ಅಳೆಯುತ್ತದೆ: ಮಾಡುವ ಕೆಲಸ, ಸಂಬಳ, ಬಡ್ತಿ, ಜೊತೆಗಾರರು, ಮೇಲ್ವಿಚಾರಣೆ. ಬಾಸ್ ಅನ್ನೋದು ಐದರಲ್ಲಿ ಒಂದು ಮಾತ್ರ. ಆದರೆ ಯಾರಿಗೆ ಯಾವ ಕೆಲಸ, ಯಾರ ಹೆಸರು ಬಡ್ತಿಗೆ, ತಂಡದೊಳಗೆ ಕಿತ್ತಾಟವೋ ಹೊಂದಾಣಿಕೆಯೋ ಅನ್ನುವ ಉಳಿದ ಎಷ್ಟೋ ವಿಷಯಗಳಲ್ಲಿ ಅವರದೇ ಕೈ ಇರುತ್ತದೆ.

ಮುಖವಾಡ ಮಾಡಿದ ಹುಡುಗರು

ಈ ಕಥೆ ಶುರುವಾಗೋದು ಯಾವುದೋ ಫ್ಯಾಕ್ಟರಿಯಲ್ಲಿ ಅಲ್ಲ, ಹತ್ತು ವರ್ಷದ ಹುಡುಗರ ಜೊತೆ. ಕರ್ಟ್ ಲೆವಿನ್ ಯಹೂದಿ ಮನಃಶಾಸ್ತ್ರಜ್ಞ. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ, 1933ರಲ್ಲಿ, ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವರು. ಸರ್ವಾಧಿಕಾರ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಯೋವಾ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಜೊತೆ ಸೇರಿ ಐದೈದು ಹುಡುಗರ ಕ್ಲಬ್‌ಗಳನ್ನು ಮಾಡಿದರು. ಶಾಲೆ ಬಿಟ್ಟ ಮೇಲೆ ಮುಖವಾಡ ಮಾಡೋದು, ಅಂಥವೇ ಕೈಕೆಲಸ. ಪ್ರತಿ ಕ್ಲಬ್‌ಗೆ ಒಬ್ಬ ದೊಡ್ಡವರು ಮುಂದಾಳು. ಕೆಲವು ವಾರಕ್ಕೊಮ್ಮೆ ಮುಂದಾಳೂ ಬದಲಾಗುತ್ತಿದ್ದರು, ರೀತಿಯೂ ಬದಲಾಗುತ್ತಿತ್ತು. ಫಲಿತಾಂಶ ಅಚ್ಚಾಗಿದ್ದು 1939ರಲ್ಲಿ.

ಸರ್ವಾಧಿಕಾರಿ ಮುಂದಾಳು ಒಂದೊಂದೇ ಹೆಜ್ಜೆ ಹೇಳುತ್ತಿದ್ದರು. ಮುಂದಿನದು ಏನು ಅಂತ ಹುಡುಗರಿಗೆ ಗೊತ್ತಾಗುತ್ತಿರಲಿಲ್ಲ. ಯಾರು ಯಾರ ಜೊತೆ ಕೂರಬೇಕು ಅನ್ನೋದೂ ಅವರದೇ ತೀರ್ಮಾನ. ಪ್ರಜಾಪ್ರಭುತ್ವದ ಮುಂದಾಳು ಮೊದಲೇ ಪೂರ್ತಿ ಚಿತ್ರ ಕೊಟ್ಟು, ಚರ್ಚೆ ಮಾಡಿಸಿ, ಯಾರಾದರೂ ಸಿಕ್ಕಿಹಾಕಿಕೊಂಡರೆ ಎರಡು ಮೂರು ದಾರಿ ತೋರಿಸಿ ಆರಿಸಿಕೊಳ್ಳಲು ಬಿಡುತ್ತಿದ್ದರು. ಮೂರನೆಯ ರೀತಿ ಮೊದಲ ಯೋಜನೆಯಲ್ಲಿ ಇರಲೇ ಇಲ್ಲ! ವೈಟ್ ಪ್ರಜಾಪ್ರಭುತ್ವದ ಮುಂದಾಳಾಗಲು ಹೋಗಿ, ಹುಡುಗರನ್ನು ಸುಮ್ನೆ ಅವರ ಪಾಡಿಗೆ ಬಿಟ್ಟುಬಿಟ್ಟಿದ್ದರು. ಇದು ಬೇರೆಯೇ ಏನೋ ಅಂತ ಲೆವಿನ್ ಗುರುತಿಸಿದರು. ಅದಕ್ಕೆ 'ಲೆಸೆ ಫೇರ್' ಅಂತ ಹೆಸರಾಯಿತು. ಫ್ರೆಂಚ್ ಮಾತು. ನಮ್ಮ ಭಾಷೆಯಲ್ಲಿ 'ಏನಾದ್ರೂ ಮಾಡ್ಕೊಳ್ಳಿ'.

ಪ್ರಜಾಪ್ರಭುತ್ವದ ಮುಂದಾಳು ಆಗೋಕೆ ಹೊರಟವರು ತಮಗೇ ತಿಳಿಯದೆ ಕೈಬಿಟ್ಟ ಮುಂದಾಳು ಆಗಿಬಿಡಬಹುದು ಅನ್ನೋದು ಆ ಪ್ರಯೋಗದ ಎಲ್ಲ ಅಂಕಿಗಳಿಗಿಂತ ದೊಡ್ಡ ಪಾಠ ಅಂತ ನನ್ನ ಲೆಕ್ಕ. ಆದರೂ ಅಂಕಿಗಳನ್ನು ನೋಡಿ. ಸರ್ವಾಧಿಕಾರಿ ಎದುರಿಗಿದ್ದಾಗ ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡಿದ್ದ ಗುಂಪುಗಳ ಹುಡುಗರು ತಮ್ಮ ಸಮಯದ ಶೇ. 74 ಭಾಗ ಕೆಲಸದಲ್ಲಿ ತೊಡಗಿದ್ದರು. ಪ್ರಜಾಪ್ರಭುತ್ವದ ಗುಂಪಿನಲ್ಲಿ ಇದು ಶೇ. 50 ಮಾತ್ರ. ನೋಡಿದ್ರಾ, ಗದರಿಸಿದರೇ ಕೆಲಸ ಆಗೋದು ಅಂತ ಹೇಳುವವರಿಗೆ ಇಲ್ಲಿವರೆಗೆ ಜಯ.

ಆಮೇಲೆ ಮುಂದಾಳು ಏನೋ ನೆಪ ಹೇಳಿ ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಆ 74 ಸೀದಾ 29ಕ್ಕೆ ಇಳಿಯಿತು. ಪ್ರಜಾಪ್ರಭುತ್ವದ ಗುಂಪಿನ 50 ಬರೀ 46 ಆಯಿತು. ಅಂದರೆ ಅವರು ಮಾಡುತ್ತಿದ್ದ ಕೆಲಸ ಮುಂದಾಳಿಗಾಗಿ ಆಗಿರಲಿಲ್ಲ. ತಮಾಷೆ ಇರೋದು ಮೂರನೆಯ ಗುಂಪಿನಲ್ಲಿ. ಕೈಬಿಟ್ಟ ಮುಂದಾಳು ಒಳಗೆ ಇದ್ದಾಗ ಶೇ. 33, ಅವರು ಹೊರಗೆ ಹೋದ ಮೇಲೆ ಶೇ. 49. ಏನೂ ಮಾಡದ ಮುಂದಾಳು ಎದುರಿಗೆ ಕೂತಿರೋದಕ್ಕಿಂತ ಇಲ್ಲದಿರೋದೇ ವಾಸಿ ಅಂತ ಆ ಮಕ್ಕಳು ತೋರಿಸಿಬಿಟ್ಟರು. ಅವರು ಹೊರಗೆ ಹೋದರೆ ಹುಡುಗರಲ್ಲೇ ಯಾರೋ ಒಬ್ಬ ಎದ್ದು 'ನಾನು ನೋಡ್ತೀನಿ' ಅಂತಾನೆ. ಅವರು ಅಲ್ಲೇ ಇದ್ದರೆ ಹಾಗೆ ಹೇಳೋದಕ್ಕೂ ಆಗೋಲ್ಲ.

ಯಾರು ಇಷ್ಟ ಅಂತ ಹುಡುಗರನ್ನು ಕೇಳಿದಾಗ 20ರಲ್ಲಿ 19 ಜನ ಸರ್ವಾಧಿಕಾರಿಗಿಂತ ಪ್ರಜಾಪ್ರಭುತ್ವದವರೇ ವಾಸಿ ಅಂದರು. ಬೇಡ ಅಂದ ಆ ಒಬ್ಬ ಹುಡುಗ ಸೇನಾಧಿಕಾರಿಯೊಬ್ಬರ ಮಗ. ಮನೆಯಲ್ಲಿ ಕಂಡ ರೀತಿಯೇ ಅವನಿಗೆ ಸರಿ ಅನ್ನಿಸಿತ್ತು. ಈ ಹುಡುಗನನ್ನು ಮರೆಯಬೇಡಿ, ಮುಂದೆ ಪಾಟ್ನಾಕ್ಕೆ ಹೋದಾಗ ಮತ್ತೆ ಬೇಕಾಗುತ್ತಾನೆ.

ಮುರಿದ ಸೂಜಿ

ಹತ್ತು ವರ್ಷದ ಮಕ್ಕಳ ಕ್ಲಬ್ ಬೇರೆ, ಸಂಬಳಕ್ಕೆ ದುಡಿಯುವವರ ಜಗತ್ತು ಬೇರೆ ಅಲ್ವಾ? ಹೌದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು ನಿಜವಾದ ಮೇಲ್ವಿಚಾರಕರ ನಡವಳಿಕೆಗಳನ್ನು ಪಟ್ಟಿ ಮಾಡಿ, ಜರಡಿ ಹಿಡಿದು, ಕೊನೆಗೆ ಎರಡೇ ಗುಣ ಉಳಿಸಿಕೊಂಡಿತು. ಒಂದು, ಕೈಕೆಳಗಿನವರ ಮೇಲಿನ ಕಾಳಜಿ. ಇನ್ನೊಂದು, ಕೆಲಸದ ಬಿಗಿ: ಯಾರು ಏನು, ಎಷ್ಟು, ಯಾವಾಗ ಮಾಡಬೇಕು ಅನ್ನುವ ಕಟ್ಟುನಿಟ್ಟು.

ಕಾಳಜಿ ಹೆಚ್ಚಾದರೆ ಬಿಗಿ ಕಡಿಮೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ, ಇವು ಎರಡು ಬೇರೆ ಬೇರೆ ಗುಣ. ಒಬ್ಬರಲ್ಲಿ ಎರಡೂ ಇರಬಹುದು, ಎರಡೂ ಇಲ್ಲದೆಯೂ ಇರಬಹುದು. ಈ ಸಣ್ಣ ವಿಷಯ ಹೊಳೆದಿದ್ದೇ ತಡ, ಒಳ್ಳೆಯ ಬಾಸ್, ಕೆಟ್ಟ ಬಾಸ್ ಅನ್ನುವ ಹಳೆಯ ಲೆಕ್ಕಕ್ಕೆ ಬೆಲೆ ಇಲ್ಲದಂತಾಯಿತು.

1962ರಲ್ಲಿ ಎಡ್ವಿನ್ ಫ್ಲೈಶ್‌ಮನ್ ಮತ್ತು ಎಡ್ವಿನ್ ಹ್ಯಾರಿಸ್ ಟ್ರಕ್ ತಯಾರಿಸುವ ಕಾರ್ಖಾನೆಯೊಂದರ 57 ಫೋರ್‌ಮನ್‌ಗಳ ಬಗ್ಗೆ ಬರೆದರು. ಯಾರ ವಿಭಾಗದಿಂದ ಎಷ್ಟು ದೂರು ದಾಖಲಾಗಿದೆ, ಎಷ್ಟು ಜನ ಕೆಲಸ ಬಿಟ್ಟಿದ್ದಾರೆ ಅಂತ ಎಣಿಸಿದರು. ಕಾಳಜಿ ಕಡಿಮೆ ಇದ್ದವರ ಕೈಕೆಳಗೆ ದೂರು ಜಾಸ್ತಿ. ಇದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇದು: ಕಾಳಜಿ ಹೆಚ್ಚು ಇದ್ದ ಫೋರ್‌ಮನ್ ಕೆಲಸದ ಬಿಗಿಯನ್ನು ಎಷ್ಟು ಹೆಚ್ಚಿಸಿದರೂ ದೂರು ಹೆಚ್ಚುಕಡಿಮೆ ಏರಲೇ ಇಲ್ಲ. ಕಾಳಜಿ ಇಲ್ಲದವರ ವಿಭಾಗದಲ್ಲಿ ಬಿಗಿ ಇದ್ದರೂ ದೂರು, ಇಲ್ಲದಿದ್ದರೂ ದೂರು. ಜೊತೆಗೆ ಕಾಳಜಿಗೂ ಒಂದು ಮಟ್ಟ ಇದೆ. ಆ ಮಟ್ಟ ಮುಟ್ಟಿದ ಮೇಲೆ ಇನ್ನೂ ಸುರಿದರೆ ದೂರು ಇನ್ನಷ್ಟು ಇಳಿಯೋದಿಲ್ಲ. ಪ್ರತಿ ಶುಕ್ರವಾರ ಕೇಕ್ ಕತ್ತರಿಸುವ ಕಂಪನಿಗಳು ಇದನ್ನು ಗಮನಿಸಬಹುದು.

ಇದನ್ನು ಕಣ್ಣೆದುರು ನೋಡಬೇಕಾದರೆ ನಮ್ಮ ಬೀದಿಯ ಕೊನೇ ಮನೆಯ ಅಕ್ಕನ ಮಾತು ಕೇಳಬೇಕು. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷದಿಂದ ಟೈಲರ್. ಕಾಲರ್ ಹೊಲಿಯೋದು ಅವರ ಕೆಲಸ. ಅಲ್ಲಿ ಗಂಟೆಗೊಂದು ಟಾರ್ಗೆಟ್. ಲೈನ್ ಕೊನೆಯ ಬೋರ್ಡಿನಲ್ಲಿ ಗಂಟೆಗಂಟೆಗೂ ಎಷ್ಟು ಪೀಸ್ ಆಯಿತು ಅಂತ ಬರೆಯುತ್ತಾರೆ. ಲೈನಿನಲ್ಲಿ ಒಬ್ಬರು ನಿಂತರೆ ಮುಂದಿನವರಿಗೆ ಬಂಡಲ್ ಹೋಗೋದಿಲ್ಲ. ಹಿಂದಿನವರ ಬಂಡಲ್ ಬೆಟ್ಟದ ಹಾಗೆ ಬೆಳೆಯುತ್ತದೆ.

ಇಂಥ ಕಡೆ ಸೂಜಿ ಮುರಿದರೆ? ಮುರಿದ ಚೂರು ಬಟ್ಟೆಯಲ್ಲಿ ಉಳಿದು ಯಾವುದೋ ದೇಶದ ಮಗುವಿಗೆ ಚುಚ್ಚಬಾರದು. ಹಾಗಾಗಿ ಎಲ್ಲಾ ಚೂರು ಹುಡುಕಿ, ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸಬೇಕು. ಆಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೆ ಹುಡುಕಾಟ ಮುಗಿಯೋದಿಲ್ಲ, ಗಡಿಯಾರ ನಿಲ್ಲೋದಿಲ್ಲ.

ಅಕ್ಕ ಹೇಳಿದ್ದು ಇಷ್ಟು: "ಒಬ್ಬ ಸೂಪರ್‌ವೈಸರ್ ಇದ್ದ. ಸೂಜಿ ಮುರೀತು ಅಂದ್ರೆ ಇಡೀ ಲೈನಿಗೆ ಕೇಳೋ ಹಾಗೆ ಕಿರುಚೋನು. ಕಣ್ಣು ಮನೇಲಿಟ್ಟು ಬಂದಿದ್ದೀಯಾ ಅನ್ನೋನು. ಅವನ ಭಯಕ್ಕೆ ಕೈ ನಡುಗಿ ಇನ್ನೊಂದು ಮುರಿಯೋದು. ಆಮೇಲೆ ಒಬ್ಬಮ್ಮ ಬಂದ್ಲು. ಟಾರ್ಗೆಟ್ ವಿಷಯದಲ್ಲಿ ಅವಳು ಇವನಿಗಿಂತ ಖಡಕ್. ಒಂದು ಪೀಸ್ ಬಿಡೋಳಲ್ಲ. ಆದ್ರೆ ಸೂಜಿ ಮುರಿದ್ರೆ ಮ್ಯಾಗ್ನೆಟ್ ಹಿಡ್ಕೊಂಡು ಅವಳೇ ಮಂಡಿಯೂರಿ ಮಷೀನ್ ಕೆಳಗೆ ಹುಡುಕೋಳು. ನೀನು ಹೊಲಿ, ಬೇರೆ ಮಷೀನಿಗೆ ಕೂತ್ಕೊ ಅನ್ನೋಳು. ಅವಳು ಬೈದ್ರೆ ನಮಗೆ ಬೇಜಾರಾಗ್ತಿರಲಿಲ್ಲ."

ಕೊನೆಯ ಮಾತಿಗಾಗಿ ಫ್ಲೈಶ್‌ಮನ್, ಹ್ಯಾರಿಸ್ ಇಬ್ಬರೂ ಒಂದಿಡೀ ಕಾರ್ಖಾನೆ ಅಳೆದಿದ್ದರು. ಆಯಮ್ಮ ಟಾರ್ಗೆಟ್ ಕಡಿಮೆ ಮಾಡಲಿಲ್ಲ, ಲೈನನ್ನು ಸಡಿಲ ಬಿಡಲಿಲ್ಲ. ಮಂಡಿಯೂರಿ ಹುಡುಕಿದ್ದಕ್ಕೇ ಗದರುವ ಹಕ್ಕೂ ಸಿಕ್ಕಿತ್ತು.

ಜುಟ್ಟಿಗೆ ಮಲ್ಲಿಗೆ

ಇಲ್ಲಿ ಒಂದು ಎಚ್ಚರ. ಬಾಸ್ ಒಳ್ಳೆಯವರಾದರೆ ಎಲ್ಲಾ ಸರಿ ಅಂತ ಹೇಳೋದು ಕಂಪನಿಗಳಿಗೆ ಬಹಳ ಅನುಕೂಲದ ಮಾತು, ಖರ್ಚಿಲ್ಲ ನೋಡಿ. ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ, ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿದ ಮೇಲೆ, ತೃಪ್ತಿಗೂ ಅತೃಪ್ತಿಗೂ ಬೇರೆ ಬೇರೆ ಕಾರಣ ಇರುತ್ತದೆ ಅಂದರು. ಸಂಬಳ, ಕೆಲಸದ ಜಾಗ, ನಿಯಮ, ಮೇಲ್ವಿಚಾರಣೆ ಸರಿ ಇಲ್ಲದಿದ್ದರೆ ಜನ ಸಿಟ್ಟಾಗುತ್ತಾರೆ, ಸರಿ ಇದ್ದರೆ ಸಿಟ್ಟಾಗೋದಿಲ್ಲ ಅಷ್ಟೇ. ನಿಜವಾದ ತೃಪ್ತಿ ಬರೋದು ಸಾಧನೆ, ಮೆಚ್ಚುಗೆ, ಜವಾಬ್ದಾರಿ, ಬೆಳವಣಿಗೆಯಿಂದ. ಈ ವಿಂಗಡಣೆಯನ್ನು ಆಮೇಲೆ ಬಹಳ ಜನ ಪ್ರಶ್ನೆ ಮಾಡಿದ್ದಾರೆ. ಒಳ್ಳೆಯದಾದರೆ ನನ್ನಿಂದ, ಕೆಟ್ಟದ್ದಾದರೆ ಕಂಪನಿಯಿಂದ ಅಂತ ಹೇಳೋದು ಮನುಷ್ಯನ ಸ್ವಭಾವ ತಾನೇ. ಆದರೂ ಬುಡದಲ್ಲಿರುವ ಮಾತು ಗಟ್ಟಿ.

2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರ ಸಿಟ್ಟು ಸ್ಫೋಟವಾಗಿ ದಾಂಧಲೆ ನಡೆಯಿತು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿರಲಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ಇಳಿಸಿತು. ಸಂಬಳದ ಚೀಟಿಯೇ ತಪ್ಪಾಗಿರುವಾಗ ಟೀಮ್ ಲೀಡರ್ ಎಷ್ಟು ಮೃದುವಾಗಿ ಮಾತಾಡಿದರೆ ಏನು ಬಂತು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ.

ಹಾಗಂತ ಸಂಬಳ ಒಂದೇ ಅಂತಲೂ ಅಲ್ಲ. ಭಾರತದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು ಮತ್ತು ಜೊತೆಗಾರ ಅರ್ಥಶಾಸ್ತ್ರಜ್ಞರು ಒಂದು ಚೆಂದದ ಪ್ರಯೋಗ ಮಾಡಿದರು. ಸಂಬಳ ಏರಿಕೆ ಆಗಿತ್ತು, ಆದರೆ ಕಾರ್ಮಿಕರು ಕಾದಿದ್ದಷ್ಟು ಆಗಿರಲಿಲ್ಲ. ಆ ಬೇಜಾರಿನ ಹೊತ್ತಿನಲ್ಲೇ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ, ಹೆಸರು ಬರೆಸದೆ, ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ಒಟ್ಟಾರೆ ತೃಪ್ತಿ ಇದೆಯಾ ಅಂತ ಕೇಳಿದರು. ಕೇಳಿದ್ದು ಅಷ್ಟೇ, ಸಂಬಳಕ್ಕೆ ಒಂದು ರೂಪಾಯಿ ಸೇರಿಸಲಿಲ್ಲ. ಆದರೂ ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಡೋದೂ ಕಡಿಮೆಯಾಯಿತು, ಗೈರುಹಾಜರಿಯೂ ಕಡಿಮೆಯಾಯಿತು. ಎಲ್ಲರಿಗಿಂತ ಜಾಸ್ತಿ ಬೇಸರಗೊಂಡಿದ್ದವರಲ್ಲೇ ಈ ಬದಲಾವಣೆ ಹೆಚ್ಚು ಕಂಡಿದ್ದು.

ಓದಿದಾಗ ಖುಷಿಯಾಗುತ್ತದೆ, ಜೊತೆಗೆ ಸ್ವಲ್ಪ ಕಸಿವಿಸಿಯೂ ಆಗುತ್ತದೆ. ಕೇಳಿ ಕೇಳಿ ಏನೂ ಮಾಡದಿದ್ದರೆ ಎಷ್ಟು ದಿನ ನಡೆಯುತ್ತದೆ? ಅಕ್ಕನ ಫ್ಯಾಕ್ಟರಿಯಲ್ಲಿ ಸಲಹೆ ಪೆಟ್ಟಿಗೆ ಇದೆ. ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲವಂತೆ.

ಭಾಷಣವೋ, ಲೆಕ್ಕವೋ

1978ರಲ್ಲಿ ಜೇಮ್ಸ್ ಬರ್ನ್ಸ್, 1985ರಲ್ಲಿ ಬರ್ನಾರ್ಡ್ ಬ್ಯಾಸ್ ಬೆಳೆಸಿದ ವಿಂಗಡಣೆಯೇ ಈಗ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಎಲ್ಲೆಲ್ಲೂ ಕೇಳಿಬರುವುದು. ಒಂದು ಕಡೆ ಪರಿವರ್ತನೆಯ ನಾಯಕ: ಕನಸು ತೋರಿಸುವವರು, ಹುರಿದುಂಬಿಸುವವರು, ಒಬ್ಬೊಬ್ಬರನ್ನೂ ಬೆಳೆಸುವವರು. ಇನ್ನೊಂದು ಕಡೆ ಕೊಡುಕೊಳ್ಳುವ ನಾಯಕ: ಇಷ್ಟು ಮಾಡಿದರೆ ಇಷ್ಟು ಸಿಗುತ್ತದೆ ಅಂತ ಲೆಕ್ಕ ಹೇಳುವವರು. ಮೊದಲನೆಯವರಿಗೆ ಹಾರ, ಎರಡನೆಯವರಿಗೆ ಬರೀ ನಮಸ್ಕಾರ.

2004ರಲ್ಲಿ ಟಿಮೊತಿ ಜಡ್ಜ್ ಮತ್ತು ರೊನಾಲ್ಡ್ ಪಿಕೊಲೊ 87 ಅಧ್ಯಯನ ಮೂಲಗಳಿಂದ 626 ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದರು. ಎರಡು ವಿಷಯಗಳು ಎಷ್ಟು ಜೊತೆಜೊತೆಗೆ ಸಾಗುತ್ತವೆ ಅನ್ನೋದನ್ನು ಸೊನ್ನೆಯಿಂದ ಒಂದರವರೆಗೆ ಹೇಳುವ ಅಂಕಿ ಇದು. ಒಂದರ ಹತ್ತಿರ ಇದ್ದಷ್ಟೂ ನಂಟು ಗಟ್ಟಿ. ಮೈನಸ್ ಇದ್ದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಪರಿವರ್ತನೆಯ ನಾಯಕತ್ವಕ್ಕೂ ಕೆಲಸದ ತೃಪ್ತಿಗೂ 0.58. ಒಳ್ಳೆಯ ಅಂಕಿಯೇ. 'ಇಷ್ಟು ಮಾಡಿದರೆ ಇಷ್ಟು' ಅನ್ನುವವರಿಗೆ 0.64! ಹಾರ ಹಾಕಿಸಿಕೊಂಡವರಿಗಿಂತ ಒಂದು ಕೂದಲು ಮೇಲೆಯೇ. ಕೈಬಿಟ್ಟವರಿಗೆ ಮೈನಸ್ 0.28.

ನನಗಿದು ಆಶ್ಚರ್ಯ ಅನ್ನಿಸೋದಿಲ್ಲ. ಅಪ್ರೈಸಲ್ ಹೊತ್ತಿನಲ್ಲಿ ಜನ ಕೇಳೋದು ಕನಸನ್ನಲ್ಲ. ಏನು ಮಾಡಿದರೆ ಒಳ್ಳೆಯ ರೇಟಿಂಗ್ ಬರುತ್ತದೆ ಅಂತ ಏಪ್ರಿಲ್‌ನಲ್ಲೇ ಹೇಳಿ, ಮಾರ್ಚ್‌ನಲ್ಲಿ ಆ ಮಾತಿಗೆ ತಪ್ಪದೆ ನಿಂತರೆ ಸಾಕು. ವೇದಿಕೆಯ ಮೇಲೆ 'ನಾವೆಲ್ಲ ಒಂದೇ ಕುಟುಂಬ' ಅಂದವರು ಹೈಕ್ ಕೇಳಿದಾಗ 'ಬಜೆಟ್ ಇಲ್ಲ' ಅಂದರೆ ಯಾವ ಕುಟುಂಬ?

ಹೋಗಲಿ, ಈ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ಇಂಥ ಅಧ್ಯಯನಗಳಲ್ಲಿ 'ನಿಮ್ಮ ಬಾಸ್ ಹೇಗೆ', 'ನಿಮಗೆ ತೃಪ್ತಿ ಇದೆಯಾ' ಅನ್ನುವ ಎರಡೂ ಪ್ರಶ್ನೆಗೆ ಹೆಚ್ಚಾಗಿ ಒಬ್ಬರೇ ಉತ್ತರ ಬರೆಯುತ್ತಾರೆ. ಕೆಲಸ ಇಷ್ಟವಾದವರಿಗೆ ಬಾಸ್ ಕೂಡ ಒಳ್ಳೆಯವರಾಗಿ ಕಾಣುತ್ತಾರೆ. ಇನ್ನೊಂದು ಕಡೆಯಿಂದಲೂ ಪೆಟ್ಟು ಬಿದ್ದಿದೆ. 1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿದ ಮೇಲೆ ಬೇರೆ ಬೇರೆ ಮನೆಗಳಲ್ಲಿ ಬೆಳೆದ 34 ಜೋಡಿ ತದ್ರೂಪಿ ಅವಳಿಗಳನ್ನು ರಿಚರ್ಡ್ ಆರ್ವಿ ಮತ್ತು ಜೊತೆಗಾರರು ನೋಡಿದರು. ಕೆಲಸದ ತೃಪ್ತಿಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಸುಮಾರು ಶೇ. 30 ಭಾಗ ಹುಟ್ಟಿನಿಂದಲೇ ಬಂದಿರಬಹುದು ಅಂತ ಅವರ ಅಂದಾಜು. ಎಂಥ ಬಾಸ್ ಬಂದರೂ ಗೊಣಗುವವರು ನಿಮ್ಮ ಆಫೀಸಿನಲ್ಲೂ ಒಬ್ಬರು ಇದ್ದಾರಲ್ವಾ?

ಗದರಿ ನೋಡಿಕೊಳ್ಳುವವರು

ಈಗ ಪಾಟ್ನಾಕ್ಕೆ ಬರೋಣ. ಮೇಲೆ ಹೇಳಿದ್ದರಲ್ಲಿ ಬಹಳಷ್ಟು ಅಮೆರಿಕದ ಸರಕು. ಅಲ್ಲಿನ ಪುಸ್ತಕ ಓದಿಕೊಂಡು ಬಂದು 'ನಿಮ್ಮ ಅಭಿಪ್ರಾಯ ಏನು' ಅಂತ ಕೇಳಿದ ಮ್ಯಾನೇಜರ್‌ಗೆ ನಮ್ಮಲ್ಲಿ 'ನೀವು ಹೇಳಿದ ಹಾಗೆ ಸರ್' ಅನ್ನುವ ಉತ್ತರ ಬರೋದು ಹೊಸದೇನಲ್ಲ. ಪಾಟ್ನಾದ ಮನಃಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ ಇದನ್ನೇ ಹಿಡಿದು 1980ರ ಹೊತ್ತಿಗೆ ಒಂದು ಮಾದರಿ ಮುಂದಿಟ್ಟರು. ಭಾರತದ ಕೆಲಸಗಾರ ಬಾಸ್ ಜೊತೆ ಒಂದು ವೈಯಕ್ತಿಕ ನಂಟು ಬಯಸುತ್ತಾನೆ, ಹಿರಿಯರ ಆಸರೆ ಬಯಸುತ್ತಾನೆ, ಮೇಲು ಕೆಳಗಿನ ಲೆಕ್ಕ ಅವನಿಗೆ ಸಹಜ. ಇಂಥ ಕಡೆ ಮೊದಲ ದಿನವೇ ಪೂರ್ತಿ ಪ್ರಜಾಪ್ರಭುತ್ವ ತಂದರೆ ಅದು ದುರ್ಬಲತೆಯಾಗಿ ಕಾಣುತ್ತದೆ. ಸೇನಾಧಿಕಾರಿಯ ಮಗ ನೆನಪಾದನಾ?

ಸಿನ್ಹಾ ಹೇಳಿದ ಮುಂದಾಳು ಪೋಷಿಸುತ್ತಾ ಕೆಲಸ ತೆಗೆಸುವವರು. ಮಗಳ ಮದುವೆಗೆ ಬರುತ್ತಾರೆ, ಕಾಯಿಲೆ ಬಿದ್ದರೆ ವಿಚಾರಿಸುತ್ತಾರೆ, ಆದರೆ ಆ ಪ್ರೀತಿ ಪುಕ್ಕಟೆ ಅಲ್ಲ, ಕೆಲಸಕ್ಕೆ ಕಟ್ಟಿದ್ದು. ಜನ ಮರೆಯುವ ಭಾಗ ಇನ್ನೊಂದಿದೆ: ಕೈಕೆಳಗಿನವರು ನುರಿತ ಹಾಗೆ ಈ ಮುಂದಾಳು ಹಿಂದೆ ಸರಿಯಬೇಕು, ತೀರ್ಮಾನಗಳಲ್ಲಿ ಅವರನ್ನೂ ಸೇರಿಸಿಕೊಳ್ಳಬೇಕು. ಪೋಷಣೆ ಶುರುವಿನ ಮೆಟ್ಟಿಲು ಮಾತ್ರ. ನಮ್ಮಲ್ಲಿ ಎಷ್ಟೋ ಯಜಮಾನರು ಆ ಮೊದಲ ಮೆಟ್ಟಿಲಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಾರೆ. ಇಪ್ಪತ್ತು ವರ್ಷ ದುಡಿದವರೂ ಅವರ ಕಣ್ಣಿಗೆ 'ನಮ್ಮ ಹುಡುಗ'.

2010ರಲ್ಲಿ ಎಕಿನ್ ಪೆಲ್ಲೆಗ್ರಿನಿ ಮತ್ತು ಜೊತೆಗಾರರು ಭಾರತವನ್ನೂ ಅಮೆರಿಕವನ್ನೂ ಹೋಲಿಸಿದರು. ಇಂಥ ಅಪ್ಪನ ಥರದ ನಾಯಕತ್ವ ಭಾರತದಲ್ಲಿ ಕೆಲಸದ ತೃಪ್ತಿ ಹೆಚ್ಚಿಸುತ್ತದೆ, ಅಮೆರಿಕದಲ್ಲಿ ಅಂಥ ನಂಟು ಕಾಣಲಿಲ್ಲ. ಆದರೆ ಅಪ್ಪನ ಥರ ಇರುವವರಲ್ಲಿ ಒಂದು ತೊಂದರೆ ಉಂಟು, ಅವರಿಗೆ ಮುದ್ದಿನ ಮಕ್ಕಳು ಇರುತ್ತಾರೆ. ಅಮೆರಿಕದ ಜಾರ್ಜ್ ಗ್ರೇನ್ 1970ರ ದಶಕದಲ್ಲೇ ಇದನ್ನು ಎತ್ತಿದ್ದರು. ಒಬ್ಬ ಬಾಸ್‌ಗೆ ಒಂದೇ ಶೈಲಿ ಅಂತ ಇರೋದಿಲ್ಲ. ಒಳಬಳಗದವರಿಗೆ ಒಂದು, ಹೊರಗಿನವರಿಗೆ ಇನ್ನೊಂದು. ಒಬ್ಬನಿಗೆ ರಜೆ ಕೇಳದೆಯೇ ಮಂಜೂರು, ಇನ್ನೊಬ್ಬನಿಗೆ ಆಸ್ಪತ್ರೆಯ ಚೀಟಿ ತೋರಿಸಬೇಕು. ಜಾತಿ, ಊರು, ಭಾಷೆ ಇಲ್ಲಿ ನುಸುಳೋದು ನಮಗೆ ಹೊಸತಲ್ಲ. ತಂಡದ ಸರಾಸರಿ ತೃಪ್ತಿ ಚೆನ್ನಾಗಿದೆ ಅಂತ ಎಚ್‌ಆರ್ ಸ್ಲೈಡ್ ತೋರಿಸುವಾಗ, ಸರಾಸರಿಯೊಳಗೆ ಮುಚ್ಚಿಹೋಗಿರೋದು ಯಾರು ಅಂತ ಕೇಳಬೇಕು.

ಸಂದರ್ಭ ನೋಡಿಕೊಂಡು ಶೈಲಿ ಬದಲಿಸಬೇಕು ಅನ್ನುವ ಸಿದ್ಧಾಂತಗಳೂ ಇವೆ. ಬೆಂಕಿ ಬಿದ್ದಾಗ ಯಾರೂ ಚರ್ಚೆಗೆ ಕೂರೋದಿಲ್ಲ. ಅದರಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ.

ನೀಲಿ ಟಿಕ್

ನನ್ನ ಎರಡನೇ ಕೆಲಸದ ಬಾಸ್ ಬಹಳ ಒಳ್ಳೆಯ ಮನುಷ್ಯ. ಒಂದು ದಿನವೂ ದನಿ ಏರಿಸಿದವರಲ್ಲ. 'ನೀವೇ ನೋಡ್ಕೊಳ್ಳಿ' ಅನ್ನೋದೇ ಅವರ ಮಂತ್ರ. ಮೊದಲ ತಿಂಗಳು ನಾನು ಗೆಳೆಯರ ಹತ್ತಿರ ಹೇಳಿಕೊಂಡು ತಿರುಗಿದೆ, ಎಂಥ ಸ್ವಾತಂತ್ರ್ಯ ಅಂತ. ಆಮೇಲೆ ಒಮ್ಮೆ ಕ್ಲೈಂಟ್ ಕಡೆಯ ಇಬ್ಬರು ಎರಡು ಬೇರೆ ಬೇರೆ ದಾರಿ ಹೇಳಿದರು. ಯಾವುದು ಮಾಡಲಿ ಅಂತ ಬಾಸ್‌ಗೆ ಮೇಲ್ ಹಾಕಿದೆ. ಉತ್ತರ ಇಲ್ಲ. ಕ್ಯಾಬಿನ್‌ಗೆ ಹೋದೆ. "ನಿಮಗೆ ಸರಿ ಅನ್ಸಿದ್ದು ಮಾಡಿ" ಅಂದರು. ಮಾಡಿದೆ. ತಪ್ಪಾಯಿತು. ದೊಡ್ಡ ಮೀಟಿಂಗ್‌ನಲ್ಲಿ ಅವರು ಬಹಳ ಮೆತ್ತಗೆ "ಇದು ನನ್ನ ಗಮನಕ್ಕೆ ಬಂದಿರಲಿಲ್ಲ" ಅಂದರು. ಬೈದಿದ್ದರೆ ನಾನು ಇನ್ನೊಂದು ವರ್ಷ ಇರುತ್ತಿದ್ದೆನೋ ಏನೋ.

ಬೈಯುವವರ ಕೈಕೆಳಗೆ ಕನಿಷ್ಠ ಎಲ್ಲಿ ನಿಂತಿದ್ದೇವೆ ಅಂತ ಗೊತ್ತಿರುತ್ತದೆ. ಬೈಗುಳಕ್ಕೂ ಒಂದು ಅರ್ಥ ಇರುತ್ತದೆ, ಅದರಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಜನ ಕಲಿಯುತ್ತಾರೆ. ಉತ್ತರವೇ ಇಲ್ಲದ ಕಡೆ ಏನನ್ನು ಕಲಿಯೋದು? ಅಲ್ಲಿ ತಂಡದೊಳಗೇ ಯಾರೋ ಒಬ್ಬರು ಗಟ್ಟಿ ದನಿಯವರು ಬಾಸ್ ಆಗಿಬಿಡುತ್ತಾರೆ, ಅಧಿಕಾರ ಇಲ್ಲದೆ, ಹೊಣೆಯೂ ಇಲ್ಲದೆ. 2002ರಲ್ಲಿ ಗೂಗಲ್ ತನ್ನ ಎಂಜಿನಿಯರ್‌ಗಳ ಮೇಲೆ ಮ್ಯಾನೇಜರ್‌ಗಳೇ ಬೇಡ ಅಂತ ಪ್ರಯೋಗ ಮಾಡಿ ನೋಡಿತು. ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. ಖರ್ಚಿನ ಬಿಲ್ಲು, ಒಬ್ಬರಿಗೊಬ್ಬರ ಜಗಳ ಎಲ್ಲವೂ ಸೀದಾ ಸಂಸ್ಥಾಪಕ ಲ್ಯಾರಿ ಪೇಜ್ ಮೇಜಿಗೇ ಬಂದು ಬೀಳುತ್ತಿತ್ತು. ಆಮೇಲೆ ಅದೇ ಕಂಪನಿ ತನ್ನ ಒಳ್ಳೆಯ ಮ್ಯಾನೇಜರ್‌ಗಳಲ್ಲಿ ಏನಿದೆ ಅಂತ ಹುಡುಕಿ ಎಂಟು ಗುಣಗಳ ಪಟ್ಟಿ ಮಾಡಿತು. ಚೆನ್ನಾಗಿ ಕಲಿಸಿ ಬೆಳೆಸೋದು ಮೊದಲ ಸ್ಥಾನದಲ್ಲಿತ್ತು. ತಾಂತ್ರಿಕ ಜಾಣತನ ಎಂಟನೆಯದು.

ಮನೆಯಿಂದ ಕೆಲಸ ಶುರುವಾದ ಮೇಲೆ ನೀಲಿ ಟಿಕ್‌ನವರಿಗೆ ಇನ್ನೂ ಅನುಕೂಲವಾಗಿದೆ. ಎದುರಿಗೆ ಸಿಗುವ ಭಯವೂ ಇಲ್ಲ.

ನನ್ನ ತಂಗಿಯ ಮಗಳು ಹೋದ ತಿಂಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ಇಂಟರ್‌ವ್ಯೂಗೆ ಹೋಗಿದ್ದಳು. ಎಲ್ಲಾ ಮುಗಿದು, ನಿಮ್ಮದೇನಾದರೂ ಪ್ರಶ್ನೆ ಇದೆಯಾ ಅಂತ ಕೇಳಿದಾಗ ಅವಳು ಕೇಳಿದಳಂತೆ: "ನಿಮ್ಮ ಟೀಮ್‌ನಲ್ಲಿ ಕೊನೇ ಸಲ ಯಾರಾದ್ರೂ ಹಿಂದಿನ ದಿನ ರಾತ್ರಿ ರಜೆ ಕೇಳಿದಾಗ ಏನಾಯ್ತು?" ಎದುರಿಗೆ ಮೂವರು ಕೂತಿದ್ದರು. ಒಬ್ಬರು ನಕ್ಕರು. ಒಬ್ಬರು ಪಕ್ಕದವರ ಮುಖ ನೋಡಿದರು. ಮ್ಯಾನೇಜರ್ ಆಗಬೇಕಾಗಿದ್ದವರು ಲ್ಯಾಪ್‌ಟಾಪ್ ನೋಡುತ್ತಾ, "ಅದೆಲ್ಲ ಟೀಮ್‌ನವರೇ ನೋಡ್ಕೊಳ್ತಾರೆ" ಅಂದರು.

ಆಫರ್ ಬಂತು. ಅವಳು ಸೇರಲಿಲ್ಲ.